ಹೊಸ ಪ್ಲಾಟ್‌ಫಾರ್ಮಿಗೆ ಮೊದಲ ಪುಸ್ತಕ ಯಾವುದು?

ಹೊಸ ಕಂಪ್ಯೂಟರು, ಹೊಸ ಫೋನು, ಹೊಸ ಚಿಪ್ಪು ಬಂದಾಗೆಲ್ಲ ಪ್ರೋಗ್ರಾಮ್ ಬರೆಯುವವರು ಮತ್ತೆ ವಿದ್ಯಾರ್ಥಿಗಳಾಗಬೇಕಾಗುತ್ತದೆ. ಆ ಹೊತ್ತಿನಲ್ಲಿ ಕೈಗೆತ್ತಿಕೊಳ್ಳುವ ಮೊದಲ ಪುಸ್ತಕ ಸರಿಯಾಗಿದ್ದರೆ ಕಲಿಕೆ ಹಿಡಿತಕ್ಕೆ ಸಿಗುತ್ತದೆ. ಅದು ತಪ್ಪಿದರೆ ಜಾಣರೂ ‘ಇದು ನಮ್ಮಿಂದಾಗದು’ ಎಂದು ಕೈಚೆಲ್ಲುತ್ತಾರೆ. ಆ ಆಯ್ಕೆಯ ಸುತ್ತ ಒಂದು ನೋಟ.

2001ರ ಮಾರ್ಚ್ 24ರಂದು ಆ್ಯಪಲ್ ಕಂಪನಿ ‘ಮ್ಯಾಕ್ ಓಎಸ್ ಟೆನ್’ ಕಾರ್ಯಾಚರಣ ವ್ಯವಸ್ಥೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರಿನಲ್ಲಿ ಹಳೆಯ ಮ್ಯಾಕ್ ಉಳಿದಿತ್ತು. ಒಳಗಿನ ರಚನೆ ಮಾತ್ರ ಬೇರೆಯೇ ಆಗಿತ್ತು. 1996ರ ಕೊನೆಯಲ್ಲಿ ಆ್ಯಪಲ್ ಕೊಂಡುಕೊಂಡ ನೆಕ್ಸ್ಟ್ ಕಂಪನಿಯ ತಂತ್ರಾಂಶವೇ ಅದರ ಅಡಿಪಾಯ. ಅದರ ಮೇಲೆ ಪ್ರೋಗ್ರಾಮ್ ಕಟ್ಟಲು ಕೋಕೋ ಎಂಬ ಚೌಕಟ್ಟು, ಬರೆಯಲು ಆಬ್ಜೆಕ್ಟಿವ್-ಸಿ ಎಂಬ ಭಾಷೆ. 1984ರಿಂದ ಮ್ಯಾಕ್‌ಗೆಂದೇ ಬರೆಯುತ್ತ ಬಂದವರ ಕಪಾಟಿನಲ್ಲಿ ಆ್ಯಪಲ್‌ನದೇ ಕೈಪಿಡಿಯಾದ ‘ಇನ್‌ಸೈಡ್ ಮ್ಯಾಕಿಂಟಾಷ್’ ಸಂಪುಟಗಳು ಸಾಲಾಗಿ ಕೂತಿದ್ದವು. ಹಳೆಯ ಕೋಡನ್ನು ಅಷ್ಟಿಷ್ಟು ತಿದ್ದಿ ಓಡಿಸಿಕೊಳ್ಳಲು ಕಾರ್ಬನ್ ಎಂಬ ಏರ್ಪಾಡನ್ನು ಕಂಪನಿ ಮಾಡಿಕೊಟ್ಟಿತ್ತು. ಆದರೆ ಕೋಕೋ ಕಲಿಯಬೇಕೆಂದು ಹೊರಟವರಿಗೆ ಆ ಸಂಪುಟಗಳಿಂದ ಉಪಯೋಗವಾಗುವಂತಿರಲಿಲ್ಲ.

ಪುಸ್ತಕದಂಗಡಿಗೆ ಹೋದರೆ ಆಯ್ಕೆ ಬೆರಳೆಣಿಕೆಯಷ್ಟು. ಆ್ಯಪಲ್ ತಾನೇ ಸಿದ್ಧಪಡಿಸಿ ಓರೈಲಿ ಪ್ರಕಾಶನದಿಂದ ಹೊರತಂದ ‘ಲರ್ನಿಂಗ್ ಕೋಕೋ’ ಅದೇ 2001ರಲ್ಲಿ ಬಂತು. ಅದೇ ವರ್ಷದ ಕೊನೆಯಲ್ಲಿ ಏರನ್ ಹಿಲೆಗಾಸ್ ಅವರ ‘ಕೋಕೋ ಪ್ರೋಗ್ರಾಮಿಂಗ್ ಫಾರ್ ಮ್ಯಾಕ್ ಓಎಸ್ ಟೆನ್’ ಬಂತು. 2002ರಲ್ಲಿ ಸ್ಕಾಟ್ ಆಂಗ್ವಿಷ್ ಮತ್ತು ಗೆಳೆಯರ ಸಾವಿರ ಪುಟ ಮೀರಿದ ದಪ್ಪ ಗ್ರಂಥವೂ ಬಂತು. ಕಂಪನಿಯ ಮುದ್ರೆಯಿರುವ ಪುಸ್ತಕವೋ, ಎಲ್ಲವನ್ನೂ ಒಳಗೊಂಡ ದಪ್ಪ ಪುಸ್ತಕವೋ, ಒಬ್ಬ ವ್ಯಕ್ತಿ ಬರೆದ ನಡುಗಾತ್ರದ ಪುಸ್ತಕವೋ? ಮುಂದಿನ ಹತ್ತು ವರ್ಷ ಮ್ಯಾಕ್ ಪ್ರೋಗ್ರಾಮರುಗಳು ಹೊಸಬರಿಗೆ ಎಡೆಬಿಡದೆ ಹೇಳುತ್ತ ಬಂದದ್ದು ಹಿಲೆಗಾಸ್ ಅವರ ಹೆಸರನ್ನು. 2004, 2008, 2011ರಲ್ಲಿ ಅದರ ಮರು ಆವೃತ್ತಿಗಳು ಬಂದವು.

ಆ ಪುಸ್ತಕ ಗೆದ್ದದ್ದಕ್ಕೆ ಕಾರಣ ಅದರ ಪುಟಗಳಲ್ಲೇ ಕಾಣುತ್ತದೆ. ಹಿಲೆಗಾಸ್ ನೆಕ್ಸ್ಟ್‌ನಲ್ಲಿಯೂ ಆಮೇಲೆ ಆ್ಯಪಲ್‌ನಲ್ಲಿಯೂ ಪ್ರೋಗ್ರಾಮರುಗಳಿಗೆ ತರಬೇತಿ ಕೊಡುತ್ತಿದ್ದವರು. ಹೊಸಬರು ಎಲ್ಲಿ ತಡವರಿಸುತ್ತಾರೆಂದು ತರಗತಿಯಲ್ಲಿ ಕಣ್ಣಾರೆ ಕಂಡವರು. ಪುಸ್ತಕದ ಮೊದಲ ಪ್ರಯೋಗವೇ ಎರಡು ಗುಂಡಿಗಳಿರುವ ಪುಟ್ಟ ಪ್ರೋಗ್ರಾಮು. ಒಂದು ಗುಂಡಿ ಒತ್ತಿದರೆ ಯಾದೃಚ್ಛಿಕ ಸಂಖ್ಯೆಗಳಿಗೆ ಬೀಜ ಬೀಳುತ್ತದೆ, ಇನ್ನೊಂದನ್ನು ಒತ್ತಿದರೆ ತೆರೆಯ ಮೇಲೆ ಒಂದು ಸಂಖ್ಯೆ ಮೂಡುತ್ತದೆ. ಗುಂಡಿಗೂ ಕೋಡಿಗೂ ನಂಟು ಬೆಳೆಯುವುದು ಹೇಗೆ ಎಂಬ ಕೋಕೋದ ಮೂಲ ವಿಚಾರ ಅಷ್ಟರಲ್ಲೇ ಕೈಗೆ ಹತ್ತುತ್ತದೆ. ಭಾಷೆಯ ಪಾಠ ಬರುವುದು ಅದಾದ ಮೇಲೆ. ಮುಂದೆ ನೌಕರರ ಹೆಸರು, ಅವರಿಗೆ ಸಿಗಬಹುದಾದ ಸಂಬಳ ಏರಿಕೆಯ ಲೆಕ್ಕ ಇಡುವ ಒಂದು ಪ್ರೋಗ್ರಾಮನ್ನು ಕೈಗೆತ್ತಿಕೊಂಡು, ಹಲವು ಅಧ್ಯಾಯಗಳ ಉದ್ದಕ್ಕೂ ಅದನ್ನೇ ಬೆಳೆಸಲಾಗುತ್ತದೆ. ಮಾಡಿದ್ದನ್ನು ರದ್ದು ಮಾಡುವ ಸೌಲಭ್ಯ ಒಂದು ಅಧ್ಯಾಯದಲ್ಲಿ ಸೇರಿದರೆ, ಕಡತ ಉಳಿಸುವುದು ಇನ್ನೊಂದರಲ್ಲಿ ಸೇರುತ್ತದೆ.

ಹೊಸ ಪ್ಲಾಟ್‌ಫಾರ್ಮಿಗೆ ಪುಸ್ತಕ ಆರಿಸುವಾಗ ಮೊದಲು ಹುಡುಕಬೇಕಾದ್ದು ಇದನ್ನೇ: ಆ ವಿಷಯವನ್ನು ಯಾರಿಗಾದರೂ ಎದುರು ಕೂರಿಸಿಕೊಂಡು ಕಲಿಸಿದವರು ಬರೆದ ಪುಸ್ತಕ. ಪ್ಲಾಟ್‌ಫಾರ್ಮಿನ ಯೋಚನಾ ಕ್ರಮವನ್ನು ಮೊದಲು ಕೊಟ್ಟು, ಹೆಸರುಗಳ ಪಟ್ಟಿಯನ್ನು ಬೇಕಾದಾಗ ಬೇಕಾದಷ್ಟೇ ಬಡಿಸುವ ಪುಸ್ತಕ.

ಯಾರು ಯಾರನ್ನು ಕರೆಯುತ್ತಾರೆ?

ಹೊಸ ಪ್ಲಾಟ್‌ಫಾರ್ಮ್ ಗೊಂದಲ ಹುಟ್ಟಿಸುವುದು ಹೊಸ ಭಾಷೆಯಿಂದಾಗಿ ಎಂದು ಹಲವರು ತಿಳಿಯುತ್ತಾರೆ. ಆದರೆ ಒಂದು ಭಾಷೆ ಗೊತ್ತಿದ್ದವರಿಗೆ ಇನ್ನೊಂದರ ವ್ಯಾಕರಣ ಕೆಲವು ವಾರಗಳಲ್ಲಿ ಕೈಗೂಡುತ್ತದೆ. ನಿಜವಾದ ತೊಡಕಿರುವುದು ಒಳಗಿನ ಒಪ್ಪಂದದಲ್ಲಿ. ನನ್ನ ಕೋಡು ಯಾವಾಗ ಓಡುತ್ತದೆ? ಅದನ್ನು ಓಡಿಸುವವರು ಯಾರು? ನಾನು ಪಡೆದ ನೆನಪಿನ ಜಾಗವನ್ನು ಹಿಂದಿರುಗಿಸಬೇಕಾದವರು ಯಾರು? ಎರಡು ಕೆಲಸ ಒಟ್ಟಿಗೆ ನಡೆಯುವಾಗ ತೆರೆಯ ಮೇಲೆ ಬರೆಯುವ ಹಕ್ಕು ಯಾರದು? ಪ್ರತಿ ಪ್ಲಾಟ್‌ಫಾರ್ಮೂ ಈ ಪ್ರಶ್ನೆಗಳಿಗೆ ತನ್ನದೇ ಉತ್ತರ ಇಟ್ಟುಕೊಂಡಿರುತ್ತದೆ.

ಇದಕ್ಕೆ ಚಾರ್ಲ್ಸ್ ಪೆಟ್ಜೋಲ್ಡ್ ಅವರ ‘ಪ್ರೋಗ್ರಾಮಿಂಗ್ ವಿಂಡೋಸ್’ ಒಳ್ಳೆಯ ಸಾಕ್ಷಿ. ಮೈಕ್ರೋಸಾಫ್ಟ್ ಪ್ರೆಸ್ ಇದನ್ನು 1988ರಲ್ಲಿ ಪ್ರಕಟಿಸಿತು. ಅಲ್ಲಿಯವರೆಗೆ ಡಾಸ್‌ನಲ್ಲಿ ಬರೆಯುತ್ತಿದ್ದವರಿಗೆ ಅಭ್ಯಾಸವಾಗಿದ್ದ ರೀತಿ ಸರಳ. ಪ್ರೋಗ್ರಾಮು ಪ್ರಶ್ನೆ ಕೇಳುತ್ತದೆ, ಉತ್ತರಕ್ಕೆ ಕಾಯುತ್ತದೆ, ಮುಂದೆ ಹೋಗುತ್ತದೆ. ವಿಂಡೋಸ್‌ನಲ್ಲಿ ಈ ಕ್ರಮವೇ ಬುಡಮೇಲು. ಮೌಸ್ ಕದಲಿದರೂ, ಕೀಲಿ ಒತ್ತಿದರೂ, ಕಿಟಕಿಯ ಗಾತ್ರ ಬದಲಾದರೂ ವ್ಯವಸ್ಥೆಯೇ ಸಂದೇಶ ಕಳಿಸಿ ನಿಮ್ಮ ಕೋಡನ್ನು ಕರೆಯುತ್ತದೆ. ಕರೆದಾಗ ಉತ್ತರ ಕೊಟ್ಟು ಸುಮ್ಮನಾಗುವುದು ನಿಮ್ಮ ಕೆಲಸ. ಕೆರ್ನಿಘನ್ ಮತ್ತು ರಿಚಿ ಅವರ ‘ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಪುಸ್ತಕದಲ್ಲಿ ನಾಲ್ಕೈದು ಸಾಲಿನಲ್ಲಿ ಮುಗಿಯುವ ‘ಹಲೋ ವರ್ಲ್ಡ್’ ವಿಂಡೋಸ್‌ನಲ್ಲಿ ಹತ್ತಾರು ಸಾಲಾಗಿ ಬೆಳೆದದ್ದು ಇದಕ್ಕೇ. ಆ ಸಾಲುಗಳನ್ನು ನಕಲು ಮಾಡಿಕೊಂಡು ಮುಂದೆ ಹೋಗಿ ಎಂದು ಪೆಟ್ಜೋಲ್ಡ್ ಹೇಳಲಿಲ್ಲ. ಒಂದೊಂದನ್ನೂ ಬಿಡಿಸಿ, ಅದು ಯಾಕೆ ಅಲ್ಲಿರಬೇಕೆಂದು ವಿವರಿಸಿದರು. ಆ ವಿವರಣೆಯನ್ನು ಅರಗಿಸಿಕೊಂಡವರಿಗೆ ಆಮೇಲೆ ಬಂದ ಆ್ಯಂಡ್ರಾಯ್ಡ್ ಆಗಲಿ, ಬ್ರೌಸರ್‌ನೊಳಗಿನ ಜಾವಾಸ್ಕ್ರಿಪ್ಟ್ ಆಗಲಿ ಪೂರ್ತಿ ಅಪರಿಚಿತ ಅನ್ನಿಸಲಿಲ್ಲ. ಅಲ್ಲೆಲ್ಲ ಕರೆಯುವುದು ವ್ಯವಸ್ಥೆ, ಓಗೊಡುವುದು ನಮ್ಮ ಕೋಡು.

ಹಾಗಾಗಿ ಪುಸ್ತಕ ಕೈಗೆ ಬಂದಾಗ ಅದರ ಮೊದಲ ನಿಜವಾದ ಪ್ರೋಗ್ರಾಮಿನ ಅಧ್ಯಾಯವನ್ನು ತೆರೆದು ನೋಡಿ. ‘ಈ ಭಾಗ ಈಗ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಹೀಗೇ ಬರೆಯಿರಿ’ ಎಂಬ ಮಾತು ಒಮ್ಮೆ ಬಂದರೆ ತಪ್ಪಿಲ್ಲ. ಪುಟಪುಟಕ್ಕೂ ಅದೇ ಮಾತಾದರೆ ಆ ಪುಸ್ತಕ ಕೋಡನ್ನು ಕೊಡುತ್ತಿದೆಯೇ ಹೊರತು ತಿಳಿವಳಿಕೆಯನ್ನು ಕೊಡುತ್ತಿಲ್ಲ.

ಆಕರವೂ ಬೇಕು, ಅಧ್ಯಾಪಕರೂ ಬೇಕು

ಪ್ಲಾಟ್‌ಫಾರ್ಮ್ ತಯಾರಿಸಿದವರೇ ಬರೆದ ಕೈಪಿಡಿಗಿಂತ ಅಧಿಕೃತವಾದದ್ದು ಬೇರೆ ಇಲ್ಲ. ಆದರೆ ಅಧಿಕೃತವಾದದ್ದೆಲ್ಲ ಕಲಿಕೆಗೆ ಮೊದಲ ಮೆಟ್ಟಿಲಾಗಬೇಕೆಂದಿಲ್ಲ. ಮ್ಯಾಕಿಂಟಾಷ್ ಬಿಡುಗಡೆಯಾದದ್ದು 1984ರ ಜನವರಿ 24ರಂದು. ಅದರ ಒಳಗಿನ ನೂರಾರು ರುಟೀನುಗಳ ವಿವರವಿದ್ದ ‘ಇನ್‌ಸೈಡ್ ಮ್ಯಾಕಿಂಟಾಷ್’ ಮೊದಲು ಬಿಡಿ ಹಾಳೆಗಳಾಗಿ ಪ್ರೋಗ್ರಾಮರುಗಳ ಕೈಸೇರಿತು. 1985ರಲ್ಲಿ ಟೆಲಿಫೋನ್ ಡೈರೆಕ್ಟರಿಯ ಕಾಗದದಂಥ ಕಾಗದದಲ್ಲಿ ಅಗ್ಗದ ಮುದ್ರಣ ಕಂಡಿತು. ಆಮೇಲೆ ಅಡಿಸನ್-ವೆಸ್ಲಿ ಅದನ್ನು ಸಂಪುಟಗಳಾಗಿ ಪ್ರಕಟಿಸಿತು. ಅದನ್ನು ರೂಪಿಸುವುದರಲ್ಲಿ ಕ್ಯಾರೊಲಿನ್ ರೋಸ್ ಅವರ ಪಾಲು ದೊಡ್ಡದು. ನಿಖರತೆಯಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಆದರೆ ಯಾವ ಅಧ್ಯಾಯ ತೆರೆದರೂ ಉಳಿದ ಅಧ್ಯಾಯಗಳೆಲ್ಲ ಓದುಗರಿಗೆ ಗೊತ್ತಿವೆ ಎಂಬ ಧಾಟಿಯಲ್ಲಿ ಅದು ಮಾತಾಡುತ್ತದೆ ಎಂಬ ದೂರು ಅಂದೇ ಇತ್ತು. ಆ ಕೊರತೆಯನ್ನು ತುಂಬಿದ್ದು ಸ್ಟೀಫನ್ ಚೆರ್ನಿಕಾಫ್ ಅವರ ‘ಮ್ಯಾಕಿಂಟಾಷ್ ರಿವೀಲ್ಡ್’, ಸ್ಕಾಟ್ ನಾಸ್ಟರ್ ಅವರ ‘ಹೌ ಟು ರೈಟ್ ಮ್ಯಾಕಿಂಟಾಷ್ ಸಾಫ್ಟ್‌ವೇರ್’ ಥರದ ಪುಸ್ತಕಗಳು.

ನಿಘಂಟು ಓದಿ ಯಾರೂ ಭಾಷೆ ಕಲಿಯುವುದಿಲ್ಲ, ನಿಘಂಟಿಲ್ಲದೆ ಭಾಷೆಯಲ್ಲಿ ಪಳಗುವುದೂ ಇಲ್ಲ. ಆಕರ ಗ್ರಂಥಕ್ಕೂ ಕಲಿಸುವ ಪುಸ್ತಕಕ್ಕೂ ಇರುವ ನಂಟು ಇಂಥದೇ. ಇಂದು ಆಕರವೆಲ್ಲ ಬಹುಮಟ್ಟಿಗೆ ಉಚಿತವಾಗಿ, ದಿನದಿನಕ್ಕೂ ತಿದ್ದುಪಡಿಯಾಗುತ್ತ ಅಂತರ್ಜಾಲದಲ್ಲೇ ಸಿಗುತ್ತದೆ. ಆದ್ದರಿಂದ ಪುಸ್ತಕಕ್ಕೆಂದು ತೆಗೆದಿಟ್ಟ ಹಣವನ್ನು ಕಲಿಸುವ ಪುಸ್ತಕಕ್ಕೇ ಖರ್ಚು ಮಾಡುವುದು ಮೇಲು. ಎಲ್ಲ ಕ್ಲಾಸುಗಳನ್ನೂ ಎಲ್ಲ ಫಂಕ್ಷನ್‌ಗಳನ್ನೂ ಅಕಾರಾದಿಯಾಗಿ ಜೋಡಿಸಿ ಪುಟ ತುಂಬಿಸಿದ ದಪ್ಪ ಪುಸ್ತಕದ ಕಾಲ ಮುಗಿದಿದೆ.

ಒಳ್ಳೆಯ ಲೇಖಕರು ಮಾಡುವ ಇನ್ನೊಂದು ಉಪಕಾರವಿದೆ. ಒಂದೇ ಕೆಲಸಕ್ಕೆ ಎರಡು ದಾರಿಗಳಿದ್ದಾಗ ಯಾವುದು ರಾಜಮಾರ್ಗ ಎಂದು ತಿಳಿಸುವುದು. ಮ್ಯಾಕ್ ಓಎಸ್ ಟೆನ್ ಬಂದಾಗ ಕೋಕೋ ಪ್ರೋಗ್ರಾಮುಗಳನ್ನು ಆಬ್ಜೆಕ್ಟಿವ್-ಸಿಯಲ್ಲೂ ಬರೆಯಬಹುದಿತ್ತು, ಜಾವಾದಲ್ಲೂ ಬರೆಯಬಹುದಿತ್ತು. ಆಗ ಜಾವಾ ಎಲ್ಲೆಡೆ ಮೆರೆಯುತ್ತಿದ್ದ ಕಾಲ. ಗೊತ್ತಿರುವ ಭಾಷೆಯೇ ಸಾಕೆಂದು ಆ ಕಡೆ ವಾಲುವುದು ಸಹಜವೇ ಆಗಿತ್ತು. 2005ರಲ್ಲಿ ಆ್ಯಪಲ್, ಮುಂದಿನ ಸೌಲಭ್ಯಗಳನ್ನು ಕೋಕೋದ ಜಾವಾ ಕವಲಿಗೆ ಸೇರಿಸುವುದಿಲ್ಲ ಎಂದು ತಿಳಿಸಿತು. ಆಬ್ಜೆಕ್ಟಿವ್-ಸಿಯಲ್ಲಿ ಕಲಿಸುವ ಪುಸ್ತಕವನ್ನು ಹಿಡಿದವರಿಗೆ ಇದರಿಂದ ಏನೂ ನಷ್ಟವಾಗಲಿಲ್ಲ. ಇನ್ನೊಂದು ಕವಲು ಹಿಡಿದವರು ಬರೆದದ್ದನ್ನೆಲ್ಲ ಮತ್ತೆ ಬರೆಯಬೇಕಾಯಿತು. ಪ್ಲಾಟ್‌ಫಾರ್ಮನ್ನು ಕಟ್ಟಿದವರು ತಮ್ಮ ಸ್ವಂತ ಪ್ರೋಗ್ರಾಮುಗಳನ್ನು ಯಾವ ಭಾಷೆಯಲ್ಲಿ ಬರೆಯುತ್ತಿದ್ದಾರೆಂದು ವಿಚಾರಿಸಿಕೊಂಡರೆ ರಾಜಮಾರ್ಗ ಯಾವುದೆಂದು ಹೆಚ್ಚಿನ ಸಲ ಗೊತ್ತಾಗುತ್ತದೆ.

ಪುಸ್ತಕಕ್ಕೂ ವಯಸ್ಸಿದೆ

ಹೊಸ ಪ್ಲಾಟ್‌ಫಾರ್ಮಿನ ಪುಸ್ತಕ ಬಹಳ ಬೇಗ ಹಳತಾಗುತ್ತದೆ. ಹಿಲೆಗಾಸ್ ಅವರ ಪುಸ್ತಕದ ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಆ ವೇಗ ಕಣ್ಣಿಗೆ ಕಾಣುತ್ತದೆ. ಮೊದಲ ಆವೃತ್ತಿಯಲ್ಲಿ ನೆನಪಿನ ನಿರ್ವಹಣೆಯ ಲೆಕ್ಕವನ್ನು ಪ್ರೋಗ್ರಾಮರೇ ಇಡಬೇಕು. 2008ರ ಮೂರನೇ ಆವೃತ್ತಿಗೆ ಬಂದರೆ, ಬೇಡವಾದ ವಸ್ತುಗಳನ್ನು ವ್ಯವಸ್ಥೆಯೇ ಗುಡಿಸುವ ಗಾರ್ಬೇಜ್ ಕಲೆಕ್ಷನ್ ಸೇರಿದೆ. 2011ರ ನಾಲ್ಕನೇ ಆವೃತ್ತಿಯ ಹೊತ್ತಿಗೆ ಕಂಪೈಲರೇ ಆ ಲೆಕ್ಕವನ್ನು ಬರೆದುಕೊಳ್ಳುವ ಎಆರ್‌ಸಿ ಬಂದಾಗಿತ್ತು. ಮರುವರ್ಷ ಆ್ಯಪಲ್ ಗಾರ್ಬೇಜ್ ಕಲೆಕ್ಷನ್ ದಾರಿಯನ್ನು ಬಿಟ್ಟುಬಿಡಿ ಎಂದಿತು. ಒಂದೇ ದಶಕದಲ್ಲಿ ಒಂದೇ ಪ್ರಶ್ನೆಗೆ ಮೂರು ಉತ್ತರ. ಹಳೆಯ ಆವೃತ್ತಿ ಅರ್ಧ ಬೆಲೆಗೆ ಸಿಕ್ಕಿತೆಂದು ಕೊಂಡವರು ಅತಿ ಕಷ್ಟದ ಅಧ್ಯಾಯವನ್ನೇ ವ್ಯರ್ಥವಾಗಿ ಕಲಿಯಬೇಕಾದ ಪರಿಸ್ಥಿತಿ ಅದು. ಮುಂದೆ ಭಾಷೆಯೇ ಬದಲಾಗುವ ಸರದಿ: 2014ರ ಜೂನ್ 2ರಂದು ಆ್ಯಪಲ್‌ನ ಹೊಸ ಭಾಷೆ ಸ್ವಿಫ್ಟ್ ಪ್ರಕಟವಾಯಿತು. ಅದರ ಅಧಿಕೃತ ಪುಸ್ತಕ ಅಂದೇ ಉಚಿತವಾಗಿ ಸಿಕ್ಕಿತು.

ಪುಸ್ತಕವೇ ಬರಲಾಗದ ಸಂದರ್ಭವೂ ಒಮ್ಮೆ ಒದಗಿತ್ತು. ಐಫೋನ್‌ಗೆ ಪ್ರೋಗ್ರಾಮ್ ಬರೆಯುವ ಪರಿಕರಗಳನ್ನು ಆ್ಯಪಲ್ 2008ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆಯಿತು. ಆದರೆ ಪರಿಕರ ಪಡೆದವರೆಲ್ಲ ಗೋಪ್ಯತೆಯ ಒಪ್ಪಂದಕ್ಕೆ ಕಟ್ಟುಬಿದ್ದಿದ್ದರು. ಲೇಖಕರ ಬಳಿ ಹಸ್ತಪ್ರತಿ ಸಿದ್ಧವಿದ್ದರೂ ಮುದ್ರಿಸುವಂತಿರಲಿಲ್ಲ. ಪ್ರೋಗ್ರಾಮರುಗಳು ಒಬ್ಬರಿಗೊಬ್ಬರು ಬಹಿರಂಗವಾಗಿ ಹೇಳಿಕೊಡುವಂತೆಯೂ ಇರಲಿಲ್ಲ. ಅಕ್ಟೋಬರ್ ಒಂದರಂದು ಕಂಪನಿ ಆ ನಿರ್ಬಂಧ ಸಡಿಲಿಸಿದ ಮೇಲೆ ಎರಿಕಾ ಸಡನ್ ಅವರ ಪುಸ್ತಕ, ಡೇವ್ ಮಾರ್ಕ್ ಮತ್ತು ಜೆಫ್ ಲಮಾರ್ಶ್ ಅವರ ‘ಬಿಗಿನಿಂಗ್ ಐಫೋನ್ ಡೆವಲಪ್‌ಮೆಂಟ್’ ಬೆನ್ನುಬೆನ್ನಿಗೆ ಹೊರಬಂದವು. ಕಲಿಕೆ ಬಾಯಿಂದ ಬಾಯಿಗೆ, ಪುಸ್ತಕದಿಂದ ಪುಸ್ತಕಕ್ಕೆ ಹರಿಯಲು ಬಿಡದ ಪ್ಲಾಟ್‌ಫಾರ್ಮು ತನ್ನ ಬೆಳವಣಿಗೆಗೆ ತಾನೇ ಅಡ್ಡವಾಗುತ್ತದೆ ಎಂಬುದಕ್ಕೆ ಆ ತಿಂಗಳುಗಳು ಸಾಕ್ಷಿ.

ಆ್ಯಂಡ್ರಾಯ್ಡ್ ಕಲಿಯುವವರು ಇನ್ನಷ್ಟು ಎಚ್ಚರವಾಗಿರಬೇಕು. ಮೊದಲ ಪುಸ್ತಕಗಳು ಎಕ್ಲಿಪ್ಸ್ ಎಂಬ ಪರಿಕರವನ್ನೂ ಜಾವಾ ಭಾಷೆಯನ್ನೂ ನೆಚ್ಚಿದ್ದವು. 2014ರ ಕೊನೆಯಲ್ಲಿ ಆ್ಯಂಡ್ರಾಯ್ಡ್ ಸ್ಟುಡಿಯೋದ ಮೊದಲ ಪೂರ್ಣ ಆವೃತ್ತಿ ಬಂತು. 2017ರಲ್ಲಿ ಕಾಟ್ಲಿನ್ ಭಾಷೆಗೆ ಗೂಗಲ್ ಅಧಿಕೃತ ಬೆಂಬಲ ಕೊಟ್ಟಿತು. ಹಿನ್ನೆಲೆ ಕೆಲಸಕ್ಕೆಂದು ಎಲ್ಲ ಪುಸ್ತಕಗಳೂ ಕಲಿಸುತ್ತಿದ್ದ ಅಸಿಂಕ್‌ಟಾಸ್ಕ್ 2020ರಲ್ಲಿ ಆ್ಯಂಡ್ರಾಯ್ಡ್ 11ರೊಂದಿಗೆ ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿತು. 2021ರಲ್ಲಿ ಜೆಟ್‌ಪ್ಯಾಕ್ ಕಂಪೋಸ್ ಬಂದು ತೆರೆ ಕಟ್ಟುವ ಕ್ರಮವೇ ಬದಲಾಯಿತು. ಪುಸ್ತಕದ ಪದಸೂಚಿಯಲ್ಲಿ ಕಂಪೋಸ್ ಇಲ್ಲದೆ ಅಸಿಂಕ್‌ಟಾಸ್ಕ್ ಇದ್ದರೆ, ಅದು ಎಷ್ಟೇ ಒಳ್ಳೆಯ ಗದ್ಯವಾಗಿರಲಿ, ಇಂದು ಆ್ಯಂಡ್ರಾಯ್ಡ್ ಕಲಿಯಲು ಹೊರಟವರ ಮೊದಲ ಪುಸ್ತಕವಾಗಬಾರದು.

ಪ್ಲಾಟ್‌ಫಾರ್ಮೇ ಸೊರಗಿದರೆ ಯಾವ ಲೇಖಕರಿಂದಲೂ ಪುಸ್ತಕವನ್ನು ಉಳಿಸಲಾಗದು. ಪೆಟ್ಜೋಲ್ಡ್ ತಮ್ಮ ಹೆಸರಾಂತ ಪುಸ್ತಕದ ಆರನೇ ಆವೃತ್ತಿಯನ್ನು ವಿಂಡೋಸ್ 8ರ ಹೊಸ ಆ್ಯಪ್‌ಗಳಿಗೆಂದು ಮರಳಿ ಬರೆದರು. ವಿಂಡೋಸ್ 8ನ್ನು ಜನ ಒಪ್ಪಲಿಲ್ಲ. ಅದಕ್ಕೂ ಮುಂಚಿನ 1998ರ ಐದನೇ ಆವೃತ್ತಿಯನ್ನು ಮಾತ್ರ ವಿಂಡೋಸ್‌ನ ಒಳಗುಟ್ಟು ತಿಳಿಯಬೇಕೆನ್ನುವವರು ಈಗಲೂ ಹುಡುಕಿ ಓದುತ್ತಾರೆ. ಹೊಸ ಆವೃತ್ತಿಯೇ ಯಾವಾಗಲೂ ಹೆಚ್ಚು ಬಾಳುತ್ತದೆ ಎಂಬ ನಿಯಮವಿಲ್ಲ. ಬಾಳಿಕೆ ನಿಂತಿರುವುದು ಅದು ವಿವರಿಸುವ ಮೂಲ ಒಪ್ಪಂದ ಇನ್ನೂ ಚಲಾವಣೆಯಲ್ಲಿದೆಯೇ ಎಂಬುದರ ಮೇಲೆ.

ನಮ್ಮ ಲ್ಯಾಬುಗಳಲ್ಲಿ

ಕರ್ನಾಟಕದ ಎಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳಲ್ಲಿ ಓದಿದ ಎರಡು ಮೂರು ತಲೆಮಾರುಗಳಿಗೆ ಈ ವಿಷಯ ಹೊಸದಲ್ಲ. ರಮೇಶ್ ಗಾಂವ್ಕರ್ ಅವರ 8085 ಮೈಕ್ರೋಪ್ರೊಸೆಸರ್ ಪುಸ್ತಕ ಮೊದಲು ಬಂದದ್ದು 1984ರಲ್ಲಿ. ಪಕ್ಕದಲ್ಲಿ ಕಿಟ್ ಇಟ್ಟುಕೊಂಡು, ಹೆಕ್ಸ್ ಕೀಲಿಗಳನ್ನು ಒಂದೊಂದಾಗಿ ಒತ್ತುತ್ತ ಆ ಪುಸ್ತಕದ ಜತೆ ಕಲಿತವರು ಇಂದು ಚಿಪ್ ವಿನ್ಯಾಸದ ಕಂಪನಿಗಳಲ್ಲಿದ್ದಾರೆ. ಗಾಂವ್ಕರ್ ಅಮೆರಿಕದ ಸಮುದಾಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದವರು. ಯಂತ್ರದೊಳಗೆ ಒಂದು ಸೂಚನೆ ಓಡುವಾಗ ಯಾವ ತಂತಿಯ ಮೇಲೆ ಯಾವಾಗ ಏನು ಹಾಯುತ್ತದೆ ಎಂಬುದನ್ನು ಹಂತಹಂತವಾಗಿ ಬಿಡಿಸಿ ತೋರಿಸುವ ಅವರ ಕ್ರಮ ತರಗತಿಯಲ್ಲೇ ಹದಗೊಂಡದ್ದು. 8085 ಚಿಪ್ಪಿನ ಕಾಲ ಹೋಗಿದೆ. ಆ ಪುಸ್ತಕದಿಂದ ಬಸ್, ಸ್ಟ್ಯಾಕ್, ಇಂಟರಪ್ಟ್ ಕಲಿತವರಿಗೆ ಆ ತಿಳಿವು ಈಗಲೂ ದುಡಿಯುತ್ತಿದೆ.

ಇದೇ ಲ್ಯಾಬುಗಳಲ್ಲಿ ನಡೆದ ಇನ್ನೊಂದು ಸಂಗತಿ ಅಷ್ಟು ಸಮಾಧಾನದ್ದಲ್ಲ. ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಸಿ ಬಂದದ್ದು 1987ರಲ್ಲಿ, ಡಾಸ್‌ಗೆಂದು. ಡಾಸ್ ಹೋಗಿ, ವಿಂಡೋಸ್ ಬಂದು, ಲಿನಕ್ಸ್ ಹರಡಿದ ಮೇಲೂ ನಮ್ಮ ಎಷ್ಟೋ ಕಾಲೇಜುಗಳಲ್ಲಿ ಆ ನೀಲಿ ತೆರೆ ಉಳಿದುಕೊಂಡಿತು. ಅದರ ಸುತ್ತ ಬರೆದ ಪುಸ್ತಕಗಳು, ಗೈಡುಗಳು ‘ಕೋನಿಯೋ ಡಾಟ್ ಎಚ್’ ಸೇರಿಸಿ, ‘ವಾಯ್ಡ್ ಮೇನ್’ ಬರೆಯಿರಿ, ಶುರುವಿಗೆ ‘ಕ್ಲಿಯರ್ ಸ್ಕ್ರೀನ್’, ಕೊನೆಗೆ ‘ಗೆಟ್‌ಚ್’ ಇರಲಿ ಎಂದು ಕಲಿಸಿದವು. ವಿದ್ಯಾರ್ಥಿಗಳು ಇದನ್ನೇ ಸಿ ಭಾಷೆ ಎಂದು ತಿಳಿದರು. ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರಿನ ಮುಂದೆ ಕೂತಾಗ ಮೊದಲ ಸಾಲೇ ತಪ್ಪೆಂದು ತೋರಿಸಿತು. ಅಲ್ಲಿ ಆ ಕಡತವೇ ಇಲ್ಲ. ಭಾಷೆಗೆ ಸೇರಿದ್ದು ಯಾವುದು, ಪ್ಲಾಟ್‌ಫಾರ್ಮಿಗೆ ಸೇರಿದ್ದು ಯಾವುದು ಎಂದು ಪುಸ್ತಕ ಗೆರೆ ಎಳೆದು ತೋರಿಸದಿದ್ದರೆ ಇಂಥ ನಷ್ಟವಾಗುತ್ತದೆ. ಆ ನಷ್ಟವನ್ನು ತೆತ್ತವರು ಹಳ್ಳಿ, ತಾಲ್ಲೂಕುಗಳಿಂದ ಬಂದು ಕಾಲೇಜಿನ ಲ್ಯಾಬೊಂದನ್ನೇ ನಂಬಿಕೊಂಡಿದ್ದ ಮಕ್ಕಳು. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಹೇಗೋ ದಾಟಿಕೊಂಡರು.

ಕೆರ್ನಿಘನ್-ರಿಚಿ ಪುಸ್ತಕ ಆ ಗೆರೆಯನ್ನು ಸ್ಪಷ್ಟವಾಗಿ ಎಳೆದಿತ್ತು. 1978ರ ಮೊದಲ ಆವೃತ್ತಿ 228 ಪುಟ, 1988ರ ಎರಡನೆಯದು 272 ಪುಟ. ಭಾಷೆಯ ಪಾಠವೆಲ್ಲ ಮೊದಲು. ಯೂನಿಕ್ಸ್ ವ್ಯವಸ್ಥೆಗೆ ಸಂಬಂಧಿಸಿದ್ದು ಕೊನೆಯಲ್ಲಿ, ತನ್ನದೇ ಪ್ರತ್ಯೇಕ ಅಧ್ಯಾಯದಲ್ಲಿ. ಅದರ ಅಗ್ಗದ ಭಾರತೀಯ ಮುದ್ರಣವನ್ನು ಪ್ರೆಂಟಿಸ್ ಹಾಲ್ ಆಫ್ ಇಂಡಿಯಾ ತಂದಿತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಅದರ ಎರಡನೇ ಆವೃತ್ತಿ ಕಣ್ಣಿಗೆ ಬಿದ್ದರೆ ಹಿಂದೆಮುಂದೆ ನೋಡದೆ ಕೊಳ್ಳಬಹುದು. ಪಕ್ಕದಲ್ಲೇ ಇರುವ ಹತ್ತು ವರ್ಷ ಹಳೆಯ ಆ್ಯಂಡ್ರಾಯ್ಡ್ ಪುಸ್ತಕವನ್ನು ಬಿಟ್ಟುಬಿಡಬೇಕು. ಹಳೆ ಪುಸ್ತಕ ಕೊಳ್ಳುವವರಿಗೆ ಈ ವಿವೇಕವೊಂದಿದ್ದರೆ ಎಷ್ಟೋ ಹಣ ಉಳಿಯುತ್ತದೆ.

ಎಐ ಇರುವಾಗ ಪುಸ್ತಕವೇಕೆ?

ಈಗಿನ ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ. ಕೇಳಿದ ಕ್ಷಣದಲ್ಲಿ ಕೋಡು ಬರೆದುಕೊಡುವ ಎಐ ಸಹಾಯಕಗಳಿವೆ, ಯೂಟ್ಯೂಬ್‌ನಲ್ಲಿ ಪಾಠಗಳಿಗೆ ಕೊರತೆಯಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸಿ, ಲಿನಕ್ಸ್ ಮುಂತಾದವುಗಳ ಪಾಠಗಳು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ. ಇವನ್ನೆಲ್ಲ ಧಾರಾಳವಾಗಿ ಬಳಸಬೇಕು.

ಆದರೆ ಎಐ ಕಲಿತಿರುವುದು ಈಗಾಗಲೇ ಬರೆದಿಟ್ಟ ಬರಹಗಳಿಂದ. ಪ್ಲಾಟ್‌ಫಾರ್ಮ್ ಹೊಸದಾದಷ್ಟೂ ಅದರ ಬಗ್ಗೆ ಇರುವ ಬರಹ ಕಡಿಮೆ, ಅದರ ಹಿಂದಿನ ಆವೃತ್ತಿಯ ಬಗ್ಗೆ ಇರುವುದು ರಾಶಿ. ಹಾಗಾಗಿ ಹಳೆಯ ಹೆಸರು, ಹಳೆಯ ಕ್ರಮ ಉತ್ತರದೊಳಗೆ ನುಸುಳುವ ಸಂಭವ ಹೆಚ್ಚು. ಅದನ್ನು ಹಿಡಿಯಬಲ್ಲವರು ಮೂಲ ಒಪ್ಪಂದ ಗೊತ್ತಿರುವವರು ಮಾತ್ರ. ಎರಡನೆಯ ಕಾರಣ ಇನ್ನೂ ಮುಖ್ಯ. ಎಐ ನೀವು ಕೇಳಿದ್ದಕ್ಕೆ ಉತ್ತರಿಸುತ್ತದೆ. ಹೊಸಬರಿಗೆ ಏನು ಕೇಳಬೇಕೆಂದೇ ಗೊತ್ತಿರುವುದಿಲ್ಲ. ಯಾವುದಾದ ಮೇಲೆ ಯಾವುದು ಎಂಬ ಕ್ರಮವನ್ನು ತಿಂಗಳುಗಟ್ಟಲೆ ಯೋಚಿಸಿ ಕಟ್ಟಿಕೊಡುವುದು ಪುಸ್ತಕ. ರಸ್ಟ್ ಭಾಷೆಯ ಬಳಗ ತನ್ನ ಅಧಿಕೃತ ಪುಸ್ತಕವನ್ನು ಉಚಿತವಾಗಿ ಅಂತರ್ಜಾಲದಲ್ಲಿಟ್ಟು, ಭಾಷೆ ಬದಲಾದಂತೆ ಅದನ್ನೂ ತಿದ್ದುತ್ತ ಬಂದಿದೆ. ರಸ್ಟ್‌ನಲ್ಲಿ ಅತಿ ಕಷ್ಟದ ವಿಚಾರವೆಂದರೆ ಒಡೆತನ, ಅಂದರೆ ಒಂದು ಮೌಲ್ಯ ಯಾವ ಕ್ಷಣದಲ್ಲಿ ಯಾರ ಸ್ವತ್ತು ಎಂಬುದು. ಆ ಪುಸ್ತಕ ಅದನ್ನು ನಾಲ್ಕನೇ ಅಧ್ಯಾಯದಲ್ಲೇ ಎದುರಿಗೆ ತಂದು ನಿಲ್ಲಿಸುತ್ತದೆ. ಕಷ್ಟದ್ದನ್ನು ಕೊನೆಗೆ ತಳ್ಳುವ ಪುಸ್ತಕಕ್ಕಿಂತ ಇದು ಎಷ್ಟೋ ಪ್ರಾಮಾಣಿಕ.

ಅಂಗಡಿಯಲ್ಲಿ ನಿಂತೇ ನೋಡಬೇಕಾದ್ದು

• ಮುನ್ನುಡಿ: ಈ ಪುಸ್ತಕ ಯಾರಿಗೆ, ಅವರಿಗೆ ಮೊದಲೇ ಏನು ಗೊತ್ತಿರಬೇಕು ಎಂದು ಬಾಯಿಬಿಟ್ಟು ಹೇಳಿದೆಯೇ? ‘ಎಲ್ಲರಿಗೂ’ ಎಂದಿದ್ದರೆ ಅನುಮಾನಿಸಿ.

• ಲೇಖಕರ ಪರಿಚಯ: ಈ ವಿಷಯವನ್ನು ಪಾಠ ಮಾಡಿದವರೇ, ಇದರಲ್ಲಿ ಏನನ್ನಾದರೂ ಕಟ್ಟಿದವರೇ? ಒಂದೇ ವರ್ಷದಲ್ಲಿ ಸಂಬಂಧವಿಲ್ಲದ ಐದಾರು ವಿಷಯಗಳ ಮೇಲೆ ಬರೆದವರೇ?

• ಮುದ್ರಣದ ಪುಟ: ಪ್ರಕಟವಾದ ವರ್ಷ, ಪುಸ್ತಕ ಬಳಸುವ ಪರಿಕರದ ಆವೃತ್ತಿ ಎರಡನ್ನೂ ಇಂದಿನ ಆವೃತ್ತಿಯೊಂದಿಗೆ ಹೋಲಿಸಿ.

• ಒಂದು ಕಷ್ಟದ ವಿಷಯ: ನೆನಪಿನ ನಿರ್ವಹಣೆ ಅಥವಾ ಏಕಕಾಲದ ಕೆಲಸಗಳ ಅಧ್ಯಾಯದ ಎರಡು ಪುಟ ಓದಿ. ಅಲ್ಲಿ ಗದ್ಯ ಸ್ಪಷ್ಟವಾಗಿದ್ದರೆ ಉಳಿದದ್ದೂ ಸ್ಪಷ್ಟವಾಗಿರುತ್ತದೆ ಎಂದು ನಂಬಬಹುದು.

• ಅಭ್ಯಾಸಗಳು: ಅಧ್ಯಾಯದ ಕೊನೆಯಲ್ಲಿ ನೀವೇ ಬರೆಯಬೇಕಾದ ಪ್ರೋಗ್ರಾಮುಗಳಿವೆಯೇ, ಅಥವಾ ಪರೀಕ್ಷೆಗೆ ಬರುವಂಥ ಪ್ರಶ್ನೆಗಳಷ್ಟೇ ಇವೆಯೇ?

• ತಪ್ಪೋಲೆ ಮತ್ತು ಕೋಡು: ಪ್ರಕಾಶಕರು ತಿದ್ದುಪಡಿ ಪಟ್ಟಿ ಇಟ್ಟಿದ್ದಾರೆಯೇ, ಕೋಡನ್ನು ಇಳಿಸಿಕೊಳ್ಳಬಹುದೇ? ತಪ್ಪುಗಳನ್ನು ಒಪ್ಪಿ ತಿದ್ದುವ ಪುಸ್ತಕ ನಂಬಿಕೆಗೆ ಅರ್ಹ.

• ಭಾಷೆ: ನಿಮ್ಮ ಇಂಗ್ಲಿಷಿಗೆ ಪುಸ್ತಕದ ವಾಕ್ಯ ಎಟುಕುತ್ತಿದೆಯೇ? ಕನ್ನಡ ಮಾಧ್ಯಮದಿಂದ ಬಂದವರು ಸಣ್ಣ ವಾಕ್ಯಗಳ, ಹೆಚ್ಚು ಚಿತ್ರಗಳ ಪುಸ್ತಕವನ್ನು ಯಾವ ಸಂಕೋಚವೂ ಇಲ್ಲದೆ ಆರಿಸಿಕೊಳ್ಳಬೇಕು.

ಇಂದು ಶುರು ಮಾಡುವವರಿಗೆ

ಇವತ್ತು ಹೊಸತು ಎನ್ನಬಹುದಾದ ಪ್ಲಾಟ್‌ಫಾರ್ಮುಗಳಲ್ಲಿ ರಿಸ್ಕ್-ಫೈವ್ ನಮಗೆ ಹತ್ತಿರದ್ದು. 2010ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ಪ್ರೊಸೆಸರ್ ವಿನ್ಯಾಸವನ್ನು ಪರವಾನಗಿ ಶುಲ್ಕವಿಲ್ಲದೆ ಯಾರು ಬೇಕಾದರೂ ಬಳಸಬಹುದು. ಐಐಟಿ ಮದ್ರಾಸಿನ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರುಗಳು ಇದರ ಮೇಲೆಯೇ ನಿಂತಿವೆ. ಇದರ ಮೂಲ ಸೂಚನೆಗಳು ಐವತ್ತಕ್ಕೂ ಕಡಿಮೆ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಆಂಡ್ರ್ಯೂ ವಾಟರ್ಮನ್, ದಶಕಗಳ ಕಾಲ ಪಾಠ ಮಾಡಿದ ಡೇವಿಡ್ ಪ್ಯಾಟರ್ಸನ್ ಸೇರಿ 2017ರಲ್ಲಿ ಬರೆದ ‘ದಿ ರಿಸ್ಕ್-ಫೈವ್ ರೀಡರ್’ ಇನ್ನೂರು ಪುಟಗಳ ಆಸುಪಾಸಿನ ಕಿರುಪುಸ್ತಕ. ಪ್ರತಿ ನಿರ್ಧಾರದ ಹಿಂದಿನ ಕಾರಣವನ್ನೂ ಅದು ಕೊಡುತ್ತದೆ. ಆಳವಾಗಿ ಓದಬೇಕೆನ್ನುವವರಿಗೆ ಪ್ಯಾಟರ್ಸನ್ ಮತ್ತು ಹೆನೆಸಿ ಅವರ ಕಂಪ್ಯೂಟರ್ ರಚನೆಯ ಪಠ್ಯದ ರಿಸ್ಕ್-ಫೈವ್ ಆವೃತ್ತಿ ಇದೆ.

ಇನ್ನೂ ಸುಲಭದಿಂದ ಶುರು ಮಾಡಬೇಕೆನ್ನುವವರಿಗೆ ರಾಸ್ಪ್‌ಬೆರಿ ಪೈ ಪಿಕೊ ಒಳ್ಳೆಯದು. 2021ರ ಜನವರಿಯಲ್ಲಿ ನಾಲ್ಕು ಡಾಲರ್ ಬೆಲೆಗೆ ಬಂದ ಈ ಬೋರ್ಡಿನ ಜತೆಗೇ ಮೈಕ್ರೋಪೈಥಾನ್ ಕಲಿಸುವ ಪುಸ್ತಕವೂ ಪ್ರಕಟವಾಯಿತು. ದೀಪ ಮಿನುಗಿಸುವುದರಿಂದ ತೊಡಗಿ ತಾಪಮಾನ ಅಳೆಯುವವರೆಗೆ ಅದು ಕೈಹಿಡಿದು ನಡೆಸುತ್ತದೆ. 2024ರಲ್ಲಿ ಬಂದ ಪಿಕೊ 2ರ ಚಿಪ್ಪಿನೊಳಗೆ ರಿಸ್ಕ್-ಫೈವ್ ಕೋರ್‌ಗಳೂ ಇವೆ. ಒಂದೇ ಪುಟ್ಟ ಬೋರ್ಡಿನಲ್ಲಿ ಪೈಥಾನ್‌ನಿಂದ ಹೊರಟು ಯಂತ್ರದ ಸೂಚನೆಯವರೆಗೆ ಇಳಿಯಬಹುದು.

ಪುಸ್ತಕ ಯಾವುದೇ ಆಗಲಿ, ಓದುವ ಕ್ರಮ ಒಂದೇ. ಇಳಿಸಿಕೊಂಡ ಕೋಡನ್ನು ಹೋಲಿಸಿ ನೋಡಲಷ್ಟೇ ಇಟ್ಟುಕೊಳ್ಳಿ, ಕೈಯಾರೆ ಟೈಪ್ ಮಾಡಿ. ತಪ್ಪು ಬಂದಾಗ ಆ ಸಂದೇಶವನ್ನು ಪೂರ್ತಿ ಓದಿ. ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ, ಅದರಲ್ಲಿಲ್ಲದ ಒಂದು ಸಣ್ಣ ಪ್ರೋಗ್ರಾಮನ್ನು ನೀವೇ ಬರೆಯಿರಿ. ಒಂದು ಪುಸ್ತಕ ಅರ್ಧವಾದರೂ ಆಗುವ ತನಕ ಎರಡನೆಯದನ್ನು ಕೊಳ್ಳಬೇಡಿ. ಇಬ್ಬರು ಮೂವರು ಸೇರಿ ಒಂದೇ ಪುಸ್ತಕ ಓದಿದರೆ ಇನ್ನೂ ಮೇಲು. ಒಬ್ಬರಿಗೆ ಹೊಳೆಯದ್ದು ಇನ್ನೊಬ್ಬರಿಗೆ ಹೊಳೆಯುತ್ತದೆ.

ಪಾಠದಿಂದ ಪುಸ್ತಕಕ್ಕೆ

ಬಾಳಿದ ಪುಸ್ತಕಗಳ ಹುಟ್ಟನ್ನು ನೋಡಿದರೆ ಒಂದು ಮಾತು ಗಟ್ಟಿಯಾಗುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಜಾನ್ ಲಯನ್ಸ್ 1970ರ ದಶಕದ ನಡುವಿನಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಯೂನಿಕ್ಸ್‌ನ ಆರನೇ ಆವೃತ್ತಿಯ ಕೋಡನ್ನು ಮುದ್ರಿಸಿ, ಅದಕ್ಕೆ ಸಾಲುಸಾಲಾಗಿ ವ್ಯಾಖ್ಯಾನ ಬರೆದರು. ಇಡೀ ಕೋಡು ಹತ್ತು ಸಾವಿರ ಸಾಲಿಗಿಂತ ಕಡಿಮೆ, ಒಂದು ಅವಧಿಯಲ್ಲಿ ಓದಿ ಮುಗಿಸಬಹುದಾದಷ್ಟು. ಮುಂದಿನ ಆವೃತ್ತಿಯ ಪರವಾನಗಿಯಲ್ಲಿ ಯೂನಿಕ್ಸ್‌ನ ಹಕ್ಕುದಾರ ಕಂಪನಿ ಎಟಿ ಆ್ಯಂಡ್ ಟಿ, ತರಗತಿಯಲ್ಲಿ ಕೋಡು ಓದಿಸುವುದನ್ನೇ ನಿಷೇಧಿಸಿತು. ಆದರೂ ಜೆರಾಕ್ಸಿನ ಜೆರಾಕ್ಸ್ ಪ್ರತಿಯಾಗಿ ಆ ಟಿಪ್ಪಣಿ ಲೋಕವೆಲ್ಲ ಸುತ್ತಿತು. ಪುಸ್ತಕವಾಗಿ ಬಹಿರಂಗವಾಗಿ ಅಚ್ಚಾದದ್ದು 1996ರಲ್ಲಿ. ಲಯನ್ಸ್, ಹಿಲೆಗಾಸ್, ಗಾಂವ್ಕರ್, ಪ್ಯಾಟರ್ಸನ್ ಎಲ್ಲರೂ ಮೊದಲು ಕಲಿಸಿದರು, ಆಮೇಲೆ ಬರೆದರು.

ಈ ಅನುಭವ ನಮ್ಮ ಅಧ್ಯಾಪಕರಲ್ಲಿಯೂ ಇದೆ. ಪಿಕೊ ಬೋರ್ಡಿನ ಮುಂದೆ ಕೂತ ಕನ್ನಡ ಮಾಧ್ಯಮದ ಹುಡುಗಿ ಯಾವ ಸಾಲಿನಲ್ಲಿ ನಿಂತುಬಿಡುತ್ತಾಳೆ, ಯಾವ ಉದಾಹರಣೆ ಕೊಟ್ಟಾಗ ಅವಳ ಮುಖ ಅರಳುತ್ತದೆ ಎಂಬುದನ್ನು ಬಲ್ಲವರು ಬರ್ಕ್ಲಿಯಲ್ಲಿಲ್ಲ, ನಮ್ಮ ಜಿಲ್ಲೆಗಳ ಡಿಪ್ಲೊಮಾ ಕಾಲೇಜುಗಳಲ್ಲಿದ್ದಾರೆ. ‘ರಿಸ್ಕ್-ಫೈವ್ ರೀಡರ್’ ಸ್ಪ್ಯಾನಿಷ್, ಪೋರ್ಚುಗೀಸ್, ಚೀನೀ ಭಾಷೆಗಳಿಗೆ ಹೋಗಿದೆ, ಕನ್ನಡಕ್ಕೆ ಬರಲು ಅಡ್ಡಿಯೇನೂ ಇಲ್ಲ. ಅದಕ್ಕಿಂತ ಒಳ್ಳೆಯದು ಇಲ್ಲಿಯೇ ಹುಟ್ಟುವ ಪುಸ್ತಕ. ಒಂದು ಬೋರ್ಡು ಆರಿಸಿಕೊಳ್ಳಿ. ಎರಡು ತಂಡಗಳಿಗೆ ಕನ್ನಡದಲ್ಲಿ ಪಾಠ ಮಾಡಿ. ಅವರು ಎಡವಿದ ಜಾಗಗಳನ್ನು ಗುರುತು ಹಾಕಿಕೊಂಡು ಟಿಪ್ಪಣಿ ತಿದ್ದಿ. ಮೂರನೇ ತಂಡದ ಕೈಗೆ ಅಚ್ಚಾದ ನೂರು ಪುಟ ಕೊಡಿ. ಹೊಸ ಪ್ಲಾಟ್‌ಫಾರ್ಮಿಗೆ ಮೊದಲ ಪುಸ್ತಕ ಯಾವುದೆಂದು ಆ ಮಕ್ಕಳು ಕೇಳಿದಾಗ ಕನ್ನಡದಲ್ಲೇ ಒಂದು ಹೆಸರು ಹೇಳುವಂತಾಗಬೇಕು. ಅದಕ್ಕೆ ಬೇಕಾದ ಜ್ಞಾನವೂ ಜನರೂ ನಮ್ಮಲ್ಲಿದ್ದಾರೆ. ಬರೆಯಲು ಕೂರುವುದೊಂದು ಬಾಕಿ.